ಬಂಡೆ ಕೊರೆದ ಕೋಟೆದಾರಿಗಳು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಹೊರಡುವವರಿಗೆ ಸುರಂಗ ನೋಡುವ ಕೈಪಿಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳೆಯ ಊರುಗಳಲ್ಲಿ ಹುಡೇವಿನ, ಅಂದರೆ ಊರ ಕಾವಲು ಬುರುಜಿನ, ಬುಡಕ್ಕೆ ನಿಂತು ಹಿರಿಯರನ್ನು ಮಾತಿಗೆಳೆದರೆ ಹಲವು ಕಡೆ ಒಂದೇ ಮಾತು ಬರುತ್ತದೆ: "ಇದರ ಕೆಳಗ ಸುರಂಗ ಐತ್ರಿ. ಸೀದಾ ವಿಜಾಪುರಕ್ಕ ಹೋಗತೈತಿ." ಕುದುರೆ ಸವಾರರು ಅದರೊಳಗೇ ಓಡಾಡುತ್ತಿದ್ದರು, ದಂಡು ಬಂದಾಗ ವಾಡೆಯವರು ಅದರಿಂದಲೇ ಪಾರಾದರು ಎಂದು ಕತೆ ಮುಂದುವರಿಯುತ್ತದೆ. ಭೀಮೆ–ಕೃಷ್ಣೆಯರ ನಡುವಿನ ಈ ನೆಲದ ಮೇಲೆ ಎಷ್ಟು ದಂಡುಗಳು ಹಾದುಹೋಗಿವೆ ಎಂದು ನೆನೆದರೆ ಇಂಥ ಕತೆಗಳು ಹುಟ್ಟಿದ್ದು ಸಹಜವೇ.

ಯುದ್ಧಕ್ಕಾಗಿ, ಕೋಟೆಯ ಕಾವಲಿಗಾಗಿ, ಮುತ್ತಿಗೆಯ ದಿನಗಳಲ್ಲಿ ಬದುಕುಳಿಯಲಿಕ್ಕಾಗಿ ಬಂಡೆ ಕೊರೆದು ಮಾಡಿದ ಕೆಲಸಗಳು ನಿಜವಾಗಿಯೂ ಇವೆ. ಈ ನಾಲ್ಕು ತಾಲ್ಲೂಕುಗಳಿಂದ ಒಂದು ದಿನದ, ಎರಡು ದಿನದ, ಹೆಚ್ಚೆಂದರೆ ಮೂರ್ನಾಲ್ಕು ದಿನದ ಪ್ರವಾಸದಲ್ಲಿ ಅವುಗಳಲ್ಲಿ ಮುಖ್ಯವಾದವನ್ನು ಕಣ್ಣಾರೆ ನೋಡಬಹುದು. ಹಾಗೆ ನೋಡುತ್ತ ಹೋದಂತೆ ಒಂದು ಸಂಗತಿ ಮನದಟ್ಟಾಗುತ್ತದೆ. ಬಂಡೆ ಕೊರೆಯುವಂಥ ಕಷ್ಟವನ್ನು ಹಿಂದಿನವರು ಪಟ್ಟದ್ದು ಬಹುಮಟ್ಟಿಗೆ ಒಳಗೇ ಉಳಿದು ತಾಳಿಕೊಳ್ಳಲಿಕ್ಕೆ. ಓಡಿಹೋಗುವ ದಾರಿಗಳು ಬಹಳ ಕಡಿಮೆ. ಇದು ಗೊತ್ತಿದ್ದರೆ ಕೋಟೆಯಲ್ಲಿ ಏನು ನೋಡಬೇಕು ಎಂಬುದೂ ಗೊತ್ತಾಗುತ್ತದೆ.

ಮೊದಲು ಒಂದು ಲೆಕ್ಕ

ಬೀದರಿನ ನೌಬಾದಿನಲ್ಲಿ ನೆಲದಡಿಯ ಒಂದು ನೀರಿನ ಸುರಂಗವಿದೆ. ಅದನ್ನು ಕರೇಜ್ ಎನ್ನುತ್ತಾರೆ. ಉದ್ದ ಸುಮಾರು 3 ಕಿಲೋಮೀಟರ್. ಇಷ್ಟನ್ನು ಕೊರೆಯಲು ಮೇಲಿನಿಂದ 21 ಬಾವಿಗಳನ್ನು ತೋಡಬೇಕಾಯಿತು. ಒಳಗಿನವರಿಗೆ ಗಾಳಿ, ಬೆಳಕು ಬೇಕು, ಒಡೆದ ಕಲ್ಲನ್ನು ಮೇಲಕ್ಕೆ ಎಳೆಯಬೇಕು. ಅಂದರೆ ಸರಾಸರಿ ನೂರನಲವತ್ತು ಮೀಟರಿಗೆ ಒಂದರಂತೆ ಬಾವಿ ಬೇಕು. ಇದೇ ಲೆಕ್ಕದಲ್ಲಿ 50 ಕಿಲೋಮೀಟರ್ ಸುರಂಗಕ್ಕೆ 350 ಬಾವಿಗಳಾಗುತ್ತವೆ. ಇಂಡಿಯಿಂದಲೋ ಸಿಂದಗಿಯಿಂದಲೋ ವಿಜಯಪುರದವರೆಗೆ ಅಂಥ ಬಾವಿಸಾಲು ಇದ್ದಿದ್ದರೆ ಹೊಲ ಹೂಡುವ ರೈತನ ಕಣ್ಣಿಗೆ ಎಂದೋ ಬೀಳುತ್ತಿತ್ತು.

ಊರಿನ ಕತೆಯನ್ನು ಹಾಗೆಂದು ತಳ್ಳಿಹಾಕಬೇಕಿಲ್ಲ. ಹುಡೇವಿನ ಬುಡದಲ್ಲಿ ಕಾಣುವ ಬಾಯಿ ಕಾಳು ತುಂಬುವ ಹಗೇವು ಆಗಿರಬಹುದು, ಮದ್ದಿನ ಕೋಣೆಯಾಗಿರಬಹುದು, ಬಾವಿಗಿಳಿಯುವ ಮರೆಯ ಮೆಟ್ಟಿಲಾಗಿರಬಹುದು. ಇವು ಮೂರೂ ಕಾವಲಿನ ಬದುಕಿಗೆ ಸೇರಿದವೇ. ದಂಡು ಬಂದಾಗ ಊರಿನ ಕಾಳು ಉಳಿಸಿದ ಹಗೇವು ಕೋಟೆಯ ಗೋಡೆಯಷ್ಟೇ ಕೆಲಸ ಮಾಡಿದೆ.

ಕೋಟೆಗಳ ಸುರಂಗ ಮೂರು ಬಗೆ

ಒಂದು, ಕೋಟೆಯ ಒಳದಾರಿ. ವೈರಿ ಬಂದೇ ಬರಬೇಕಾದ ಜಾಗವನ್ನು ಬಂಡೆಯೊಳಗಿನ ಕತ್ತಲ ದಾರಿಯಾಗಿ ಮಾಡಿ, ಅಲ್ಲಿ ಅವನನ್ನು ಕಟ್ಟಿಹಾಕುವುದು. ದೌಲತಾಬಾದಿನ ಅಂಧೇರಿ ಇದಕ್ಕೆ ದೊಡ್ಡ ಉದಾಹರಣೆ. ಅರಮನೆಯಿಂದ ಕಂದಕಕ್ಕೆ ಇಳಿಯುವ ಗುಪ್ತ ದಾರಿಯೂ ಇದೇ ಬಗೆಗೆ ಸೇರುತ್ತದೆ. ಬೀದರಿನಲ್ಲಿ ಅಂಥದ್ದಿದೆ.

ಎರಡು, ನೀರಿನ ಸುರಂಗ. ಕೋಟೆಯ ಹೊರಗಿನ ಸೆಲೆಯನ್ನು ನೆಲದಡಿಯಿಂದಲೇ ಒಳಗೆ ತರುವುದು. ಕಣ್ಣಿಗೆ ಬೀಳದ ನೀರನ್ನು ವೈರಿ ಸುಲಭವಾಗಿ ಕಡಿಯಲಾರ. ತೊರವಿಯ ಸುರಂಗ ಬಾವಡಿ, ಬೀದರಿನ ಕರೇಜ್ ಈ ಬಗೆಯವು.

ಮೂರು, ಮುತ್ತಿಗೆ ಹಾಕಿದವರು ತೋಡುವ ಸುರಂಗ. ಬುರುಜಿನ ಅಡಿಗೆ ಬಿಲ ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಗೋಡೆ ಉರುಳಿಸುವುದು. ದಖ್ಖನಿನ 17ನೇ ಶತಮಾನದ ಮುತ್ತಿಗೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. 1633ರಲ್ಲಿ ಮೊಗಲರು ದೌಲತಾಬಾದ್ ಹಿಡಿದಾಗ ಹೀಗೆ ಗೋಡೆ ಸಿಡಿಸಿದ್ದರು. 1687ರಲ್ಲಿ ಗೋಲ್ಕೊಂಡದ ಮುಂದೆ ಅದೇ ತಂತ್ರ ಅವರಿಗೇ ಮುಳುವಾಯಿತು. ಒಳಗಿನವರು ಎದುರು ಬಿಲ ತೋಡಿ ಮದ್ದು ತೆಗೆದು ನೀರು ಸುರಿದಿದ್ದರು. ಬತ್ತಿ ಹಚ್ಚಿದಾಗ ಸ್ಫೋಟ ಹೊರಗಿನವರ ಮೇಲೇ ತಿರುಗಿತು. ಈ ಬಗೆಯ ಬಿಲಗಳು ಕೆಲಸ ಮುಗಿದೊಡನೆ ಕುಸಿಯುವಂಥವು. ಆದ್ದರಿಂದ ಪ್ರವಾಸಿಗೆ ನೋಡಸಿಗುವುದು ಮೊದಲೆರಡು ಬಗೆ ಮಾತ್ರ.

ಒಂದು ದಿನದ ದಾರಿ: ವಿಜಯಪುರ ಮತ್ತು ತೊರವಿ

ಬಸವನ ಬಾಗೇವಾಡಿಯಿಂದ ವಿಜಯಪುರ ಸುಮಾರು 43 ಕಿಲೋಮೀಟರ್, ಇಂಡಿಯಿಂದ 55, ಸಿಂದಗಿಯಿಂದ 60, ಮುದ್ದೇಬಿಹಾಳದಿಂದ 80. ನಾಲ್ಕೂ ಕಡೆಯಿಂದ ಸಾರಿಗೆ ಬಸ್ಸುಗಳಿವೆ. ಬೆಳಿಗ್ಗೆ ಬೇಗ ಹೊರಟರೆ ಸಂಜೆಗೆ ಮನೆ ಸೇರಬಹುದು.

ಗೋಳಗುಮ್ಮಟವನ್ನು ಎಲ್ಲರೂ ನೋಡಿರುತ್ತಾರೆ. ಈ ಪ್ರವಾಸ ಕೋಟೆಗೋಡೆಯಿಂದ ಶುರುವಾಗಲಿ. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿ ಕದನ ನಡೆಯಿತು. ತಂಗಡಗಿ ಇರುವುದು ಮುದ್ದೇಬಿಹಾಳ ಸೀಮೆಯಲ್ಲಿ, ಕೃಷ್ಣೆಯ ದಂಡೆಯಲ್ಲಿ. ವಿಜಯನಗರವನ್ನು ಸೋಲಿಸಿದ ಆ ಗೆಲುವಿನ ಹೊತ್ತಿಗೆ ಸುಲ್ತಾನ ಒಂದನೇ ಅಲಿ ಆದಿಲ್‌ಶಾಹ ವಿಜಯಪುರದ ಸುತ್ತ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಗೋಡೆ ಎಬ್ಬಿಸಿದ. ಅದಕ್ಕೆ 96 ಬುರುಜುಗಳು, ಐದು ದೊಡ್ಡ ದರವಾಜಾಗಳು, ಹೊರಗೆ 40ರಿಂದ 50 ಅಡಿ ಅಗಲದ ಕಂದಕ. ಗೋಡೆಯನ್ನು ದೂರದಿಂದ ನೋಡಿ ಹೊರಡಬೇಡಿ. ಕಂದಕ ಉಳಿದಿರುವ ಕಡೆ ಅಂಚಿನಲ್ಲಿ ಸುರಕ್ಷಿತ ದೂರದಲ್ಲಿ ನಿಂತು ಕೆಳಗೆ ನೋಡಿ.

ದಕ್ಷಿಣದ ಮನಗೂಳಿ ದರವಾಜಾ ಬಾಗೇವಾಡಿಯವರಿಗೆ ಹತ್ತಿರದ್ದು. ಅವರ ತಾಲ್ಲೂಕಿನ ಮನಗೂಳಿಯ ಹೆಸರನ್ನೇ ಹೊತ್ತಿದೆ. ಔರಂಗಜೇಬ ಸುಮಾರು 17 ತಿಂಗಳ ಮುತ್ತಿಗೆಯ ಕೊನೆಗೆ, 1686ರ ಸೆಪ್ಟೆಂಬರಿನಲ್ಲಿ, ಊರೊಳಗೆ ಬಂದದ್ದು ಇದರಿಂದ. ಆಮೇಲೆ ಇದು ಫತೇ ದರವಾಜಾ ಆಯಿತು. ಆ ಮುತ್ತಿಗೆಯಲ್ಲಿ ಎರಡೂ ಕಡೆಯವರನ್ನು ಹಸಿವು ಕಾಡಿತ್ತು. ಕೊನೆಗೆ ಒಳಗಿನವರಿಗೆ ಹೊಟ್ಟೆಗೂ ಕುದುರೆಗೂ ಇಲ್ಲದಂತಾದಾಗ ಸಿಕಂದರ ಆದಿಲ್‌ಶಾಹ ಶರಣಾದ.

ಅಲ್ಲಿಂದ ಉಪ್ಪಲಿ ಬುರುಜಿಗೆ ಹೋಗಿ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಈ ಬುರುಜಿನ ಹೊರಮೈಯನ್ನು ಸುತ್ತಿಕೊಂಡು ಮೆಟ್ಟಿಲುಗಳು ಏರುತ್ತವೆ. ಮೇಲೆ 30 ಅಡಿಗೂ ಉದ್ದದ ತೋಪಿದೆ. ತೋಪಿನ ಜೊತೆಗೆ ಮದ್ದಿನ ಕೋಣೆಗಳನ್ನೂ ನೀರಿನ ತೊಟ್ಟಿಯನ್ನೂ ಮಕ್ಕಳಿಗೆ ತೋರಿಸಿ. ಮದ್ದು ಒಣಗಿರಬೇಕು, ನೀರು ಕೈಗೆಟುಕಬೇಕು. ಇವೆರಡೂ ಇಲ್ಲದೆ ತೋಪು ಬರೀ ಕಬ್ಬಿಣ.

ಮಧ್ಯಾಹ್ನದ ನಂತರ ನೀರಿನ ಕಡೆ ತಿರುಗಿ. ತಾಜ್ ಬಾವಡಿ 1620ರ ಸುಮಾರಿನದು, ಸುಮಾರು 223 ಅಡಿ ಚೌಕದ ಕೊಳ. ಅಲ್ಲಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ತೊರವಿ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ, ನರಸಿಂಹನ ಗುಡಿ ಎಂದು ಕನ್ನಡಿಗರಿಗೆ ಗೊತ್ತಿರುವ ಊರು ಇದೇ. ಇಲ್ಲಿಯ ಸುರಂಗ ಬಾವಡಿ ಆದಿಲ್‌ಶಾಹಿಗಳ ನೀರಿನ ಏರ್ಪಾಟಿನ ತಾಯಿಬೇರು. ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ ಶುರುವಾಗಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಬೆಳೆದ ಈ ಏರ್ಪಾಟು ತೊರವಿಯ ಕಡೆಯ ನೀರನ್ನು ನೆಲದಡಿಯಿಂದ ನಗರಕ್ಕೆ ತರುತ್ತಿತ್ತು. 2020ರ ವಿಶ್ವ ಸ್ಮಾರಕ ಕಾವಲು ಪಟ್ಟಿಯಲ್ಲಿ ಜಗತ್ತಿನ 25 ತಾಣಗಳಲ್ಲಿ ಒಂದಾಗಿ ಇದರ ಹೆಸರು ಸೇರಿದ ಮೇಲೆ ಹೊರಗಿನವರ ಗಮನವೂ ಇತ್ತ ಹರಿಯಿತು.

ನೀರಿನ ಸುರಂಗವನ್ನು ಯುದ್ಧದ ಲೆಕ್ಕಕ್ಕೆ ಸೇರಿಸುವುದೇಕೆ ಎಂದು ಕೇಳಬಹುದು. ಉತ್ತರ 1665ರ ಕೊನೆಯ ದಿನಗಳಲ್ಲಿದೆ. ಮಿರ್ಜಾ ರಾಜಾ ಜಯಸಿಂಗ ಮೊಗಲ್ ದಂಡು ಕಟ್ಟಿಕೊಂಡು ಮಂಗಳವೇಢೆಯ ಕಡೆಯಿಂದ ಇಳಿದು ವಿಜಯಪುರಕ್ಕೆ ಹತ್ತು ಹನ್ನೆರಡು ಮೈಲಿ ದೂರದವರೆಗೆ ಬಂದ. ನಗರದವರು ಸುತ್ತಲಿನ ಕೆರೆಗಳನ್ನು ಬರಿದು ಮಾಡಿ, ಬಾವಿಗಳನ್ನು ಕೆಡಿಸಿ, ಮರಗಳನ್ನು ಕಡಿದುಹಾಕಿದ್ದರು. ಹೊರಗೆ ನೀರಿಲ್ಲ, ನೆರಳಿಲ್ಲ. ಒಳಗೆ ನೀರಿಗೆ ಕೊರತೆಯಿರಲಿಲ್ಲ. 1666ರ ಜನವರಿ ಮೊದಲ ವಾರದಲ್ಲೇ ಆ ದೊಡ್ಡ ದಂಡು ಹಿಂದಿರುಗಿತು. ನಗರವನ್ನು ಆ ಸಲ ಕಾಯ್ದದ್ದರಲ್ಲಿ ತೋಪುಗಳಷ್ಟೇ ಪಾಲು ನೀರಿಗೂ ಇತ್ತು.

ಸುರಂಗ ಬಾವಡಿಯನ್ನು ಮೇಲಿನಿಂದಲೇ ನೋಡಿ. ಒಳಗಿಳಿಯುವುದು ಪ್ರವಾಸಿಗಳ ಕೆಲಸ ಅಲ್ಲ. ಹೊಲಗಳ ನಡುವೆ ಸಾಲಾಗಿ ಕಾಣುವ ಗಾಳಿಬಾವಿಗಳ ಬಾಯಿ ಕೆಲವೆಡೆ ತೆರೆದೇ ಇರಬಹುದು. ಹುಲ್ಲು ಬೆಳೆದ ದಿನಗಳಲ್ಲಿ ಅವು ಕಾಣುವುದಿಲ್ಲ. ಆದ್ದರಿಂದ ಊರವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ, ಮಕ್ಕಳ ಕೈ ಬಿಡಬೇಡಿ.

ಎರಡು ದಿನದ ದಾರಿ: ಬೀದರ್

ಸಿಂದಗಿಯವರು ಜೇವರ್ಗಿ ಮೇಲೆ, ಇಂಡಿಯವರು ಅಫಜಲಪುರದ ಮೇಲೆ ಕಲಬುರಗಿ ಸೇರಬಹುದು. ವಿಜಯಪುರದಿಂದ ಕಲಬುರಗಿ ಸುಮಾರು 160 ಕಿಲೋಮೀಟರ್, ಅಲ್ಲಿಂದ ಬೀದರ್ 110ರ ಆಸುಪಾಸು. ಕಲಬುರಗಿ–ಬೀದರ್ ರೈಲು ಮಾರ್ಗ 2017ರಲ್ಲಿ ತೆರೆದಿದೆ. ಮೊದಲ ದಿನ ಪ್ರಯಾಣ ಮತ್ತು ಕೋಟೆ, ಎರಡನೇ ದಿನ ಕರೇಜ್ ಎಂದು ಇಟ್ಟುಕೊಂಡರೆ ಆಯಾಸವಿಲ್ಲ.

ಬಹಮನಿ ಸುಲ್ತಾನ ಅಹ್ಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು 15ನೇ ಶತಮಾನದ ಮೊದಲರ್ಧದಲ್ಲಿ ಈ ಕೋಟೆ ಕಟ್ಟಿಸಿದ. ಉತ್ತರ, ಪೂರ್ವದಲ್ಲಿ ಗುಡ್ಡದ ಕಡಿದಾದ ಅಂಚೇ ಕಾವಲು. ಬಯಲಿಗೆ ತೆರೆದುಕೊಳ್ಳುವ ಊರಿನ ಕಡೆಗೆ ಮೂರು ಸಾಲಿನ ಕಂದಕ. ಬೀದರ್ ಕೋಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಇದನ್ನೇ.

ನಮ್ಮ ಸೀಮೆಯ ಕರಿಕಲ್ಲಿಗೂ ಬೀದರಿನ ಕೆಂಪು ಜಂಬಿಟ್ಟಿಗೆಗೂ ಬಹಳ ಅಂತರ. ಜಂಬಿಟ್ಟಿಗೆ ನೆಲದೊಳಗಿದ್ದಾಗ ಮೆತ್ತಗಿರುತ್ತದೆ, ಕಡಿಯಲು ಬರುತ್ತದೆ. ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಕಂದಕವನ್ನು ಬಂಡೆಯಲ್ಲೇ ಕೊರೆಯುವಾಗ ಸಾಲು ಸಾಲಿನ ನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಉಳಿಸಿದರು. ಆ ಗೋಡೆಗಳನ್ನು ಯಾರೂ ಕಟ್ಟಿದ್ದಲ್ಲ. ಅಕ್ಕಪಕ್ಕದ್ದನ್ನು ಕಡಿದು ತೆಗೆದಾಗ ಉಳಿದವು. ವೈರಿ ಒಂದು ಕಂದಕವನ್ನು ಮಣ್ಣು ತುಂಬಿ ದಾಟಿದರೆ ಎದುರಿಗೆ ಬಂಡೆಗೋಡೆ, ಅದನ್ನು ಏರಿ ಇಳಿದರೆ ಮತ್ತೊಂದು ಕಂದಕ. ಕಲ್ಲಿನ ಮೈ ಹತ್ತಿರದಿಂದ ನೋಡಿ. ತೂತು ತೂತಾದ ಕೆಂಪು ಮೈ, ಅದರಲ್ಲಿ ಹಳದಿ ಜೇಡಿಯ ಚುಕ್ಕೆಗಳು. ನೀರು ಜಿನುಗುವುದು ಈ ತೂತುಗಳಿಂದಲೇ.

ಕೋಟೆಯೊಳಗೆ ಹಜಾರ್ ಕೋಠಡಿ ಎಂಬ ನೆಲಮಾಳಿಗೆಯ ಕೋಣೆಗಳಿವೆ. ಆಪತ್ತಿನಲ್ಲಿ ಅರಮನೆಯವರು ಕಂದಕದ ಕಡೆಗೆ ದಾಟಿಹೋಗಲು ಇಲ್ಲಿಂದ ಗುಪ್ತ ದಾರಿಯಿತ್ತು. ನಮ್ಮ ಊರುಗಳ ಕತೆಗೆ ನಿಜವಾಗಿ ಹತ್ತಿರದ್ದು ಇದು. ಅದರ ಗುರಿ ಹತ್ತಾರು ಹರದಾರಿ ಆಚೆಯ ಊರಲ್ಲ, ಗೋಡೆಯ ಹೊರಗಿನ ಕಂದಕ. ಕೋಟೆಯ ಕೆಲವು ಭಾಗಗಳಿಗೆ ಬೀಗವಿರುತ್ತದೆ. ರಂಗೀನ್ ಮಹಲಿನಂಥವನ್ನು ನೋಡಬೇಕಿದ್ದರೆ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ನೆಲಮಾಳಿಗೆಗೆ ಬಿಡುವುದಿಲ್ಲ ಎಂದರೆ ಒತ್ತಾಯಿಸಬೇಡಿ.

ಮರುದಿನ ನೌಬಾದ್. ಬಹಮನಿ ಕಾಲದ ಈ ಕರೇಜ್ ಮರೆವಿಗೆ ಸಂದಿತ್ತು. ಕೇರಳದ ಭೂಗೋಳಶಾಸ್ತ್ರದ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಇದನ್ನು ಅಳೆದು ನಕ್ಷೆ ಮಾಡಿದರು. ಆಮೇಲೆ ಜಿಲ್ಲಾಡಳಿತ ಮತ್ತು ಸ್ಥಳೀಯ ಉತ್ಸಾಹಿಗಳು ಸೇರಿ ಹೂಳು ತೆಗೆಸಿದರು. ಕರೇಜಿನ ಕೆಲಸ ಹೀಗಿದೆ: ಎತ್ತರದ ಕಡೆ ಒಂದು ತಾಯಿಬಾವಿ, ಜಂಬಿಟ್ಟಿಗೆಯಲ್ಲಿ ಇಳಿದ ಮಳೆನೀರು ಕೆಳಗಿನ ಕರಿಕಲ್ಲಿನ ಪದರಕ್ಕೆ ತಾಗಿ ಅಲ್ಲಿಯೇ ನಿಲ್ಲುತ್ತದೆ, ಆ ನೀರನ್ನು ಹಿಡಿದು, ಸುರಂಗದ ತಳಕ್ಕೆ ಬಹಳ ಸಣ್ಣ ಇಳಿಜಾರು ಕೊಟ್ಟು ಊರಿನತ್ತ ಹರಿಸುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಪಂಪಿಲ್ಲ, ರಾಟೆಯಿಲ್ಲ, ನೀರು ತನ್ನಷ್ಟಕ್ಕೆ ಬರುತ್ತದೆ. ಪರ್ಷಿಯದಲ್ಲಿ ಹುಟ್ಟಿದ ಈ ವಿದ್ಯೆ ಬಹಮನಿ ಆಸ್ಥಾನಕ್ಕೆ ಬಂದ ಪರದೇಶದವರ ಜೊತೆ ದಖ್ಖನಿಗೆ ಇಳಿಯಿತು. ಹೊರಬಾಯಿಯ ಹತ್ತಿರ ನಿಂತರೆ ಇಷ್ಟೂ ಅರ್ಥವಾಗುತ್ತದೆ. ಒಳಗೆ ನಡೆಯುವ ಅಗತ್ಯವಿಲ್ಲ.

ಮೂರ್ನಾಲ್ಕು ದಿನದ ದಾರಿ: ನಳದುರ್ಗ ಮತ್ತು ದೌಲತಾಬಾದ್

ವಿಜಯಪುರದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 52 ಸೊಲ್ಲಾಪುರ, ತುಳಜಾಪುರ, ಬೀಡ್ ಮೇಲೆ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದಿಗೆ ಹೋಗುತ್ತದೆ. ಒಟ್ಟು 400 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಂಡಿಯವರಿಗೆ ಈ ದಾರಿ ಎಲ್ಲರಿಗಿಂತ ಹತ್ತಿರ.

ದಾರಿಯಲ್ಲಿ ಸೊಲ್ಲಾಪುರದಿಂದ ಹೈದರಾಬಾದ್ ಹೆದ್ದಾರಿಗೆ ತಿರುಗಿ 45–50 ಕಿಲೋಮೀಟರ್ ಹೋದರೆ ನಳದುರ್ಗ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 17ನೇ ಶತಮಾನದ ಆರಂಭದಲ್ಲಿ, ಬೋರಿ ನದಿಗೆ ಅಡ್ಡವಾಗಿ ಒಡ್ಡು ಕಟ್ಟಿ, ಆ ಒಡ್ಡಿನ ಹೊಟ್ಟೆಯೊಳಗೇ ಪಾನಿಮಹಲ್ ಎಂಬ ಕೋಣೆ ಮಾಡಿದರು. ಮಳೆಗಾಲದಲ್ಲಿ ಒಡ್ಡಿನ ಮೇಲಿಂದ ನೀರು ಧುಮುಕುವಾಗ ಕೋಣೆಯ ಕಿಂಡಿಯ ಮುಂದೆ ನೀರಿನ ಪರದೆ ಇಳಿಯುತ್ತದೆ. ನೋಡುಗರಿಗೆ ಇದು ಚೆಲುವು. ಕೋಟೆಯ ಕಡೆಯಿಂದ ನೋಡಿದರೆ ಈ ಒಡ್ಡಿನಿಂದ ಕುಡಿಯಲು ನೀರೂ ಸಿಕ್ಕಿತು, ವೈರಿಗೆ ಅಡ್ಡವಾಗಿ ಕೆರೆಯೂ ನಿಂತಿತು.

ದೌಲತಾಬಾದ್ ಸಂಭಾಜಿನಗರದಿಂದ ಎಲ್ಲೋರದ ದಾರಿಯಲ್ಲಿ ಸುಮಾರು 15 ಕಿಲೋಮೀಟರ್. ಹಿಂದೆ ಇದು ದೇವಗಿರಿ, ಸೇವುಣರ ರಾಜಧಾನಿ. ಸೇವುಣರ ಆಳ್ವಿಕೆ ನಮ್ಮ ಸೀಮೆಗೂ ಚಾಚಿತ್ತು. ಬಸವನ ಬಾಗೇವಾಡಿ ಸೀಮೆಯ ಮುತ್ತಗಿಯಲ್ಲಿ ಸಿಕ್ಕ 1189ರ ಶಾಸನ ದೇವಗಿರಿಯನ್ನು ಕಟ್ಟಿದ ಐದನೇ ಭಿಲ್ಲಮನ ಕಾಲದ್ದು.

ಬಯಲಿನಿಂದ ಸುಮಾರು 200 ಮೀಟರ್ ಎದ್ದು ನಿಂತ ಕರಿಕಲ್ಲಿನ ಗುಡ್ಡ ಇದು. ಅದರ ಕೆಳಮೈಯನ್ನು ಸುತ್ತಲೂ ಸುಮಾರು 50 ಮೀಟರ್ ಎತ್ತರಕ್ಕೆ ನೆಟ್ಟಗೆ ಕಡಿದು ಗೋಡೆ ಮಾಡಿದ್ದಾರೆ. ಕೈಯಿಡಲು ಹಿಡಿತವಿಲ್ಲ, ಕಾಲಿಡಲು ಸಂದಿಯಿಲ್ಲ. ಬುಡದಲ್ಲಿ ಬಂಡೆಯಲ್ಲೇ ಕೊರೆದ ಕಂದಕ. ಅದನ್ನು ದಾಟಲು ಒಂದೇ ಇಕ್ಕಟ್ಟಾದ ಸೇತುವೆ. ಆಚೆಗೆ ಮೇಲೇರಲು ಇದ್ದ ಒಂದೇ ದಾರಿ ಅಂಧೇರಿ, ಬಂಡೆಯ ಹೊಟ್ಟೆಯೊಳಗೆ ತಿರುಗಿ ತಿರುಗಿ ಏರುವ ಕತ್ತಲ ಮೆಟ್ಟಿಲು.

ಅಂಧೇರಿಯಲ್ಲಿ ನಿಧಾನವಾಗಿ ನಡೆಯಿರಿ. ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಕತ್ತಲಾಗುತ್ತದೆ. ಆಗಲೇ ಮೊದಲ ತಿರುವು ಬರುತ್ತದೆ. ಮೆಟ್ಟಿಲುಗಳ ಎತ್ತರವೂ ಒಂದೇ ಸಮನಿಲ್ಲ. ಓಡಿ ಬರುವವನು ಇಲ್ಲಿ ಎಡವಲೇಬೇಕು. ಗೋಡೆಯಲ್ಲಿ ಕಾವಲಿನವರು ನಿಲ್ಲುವ ಗೂಡುಗಳಿವೆ. ಅವರ ಕಣ್ಣು ಕತ್ತಲಿಗೆ ಹೊಂದಿಕೊಂಡಿರುತ್ತದೆ, ಬರುವವನದು ಹೊಂದಿರುವುದಿಲ್ಲ. ಬೆಳಕು ಕಂಡಿತೆಂದು ಅತ್ತ ನುಗ್ಗಿದರೆ ಕೆಳಗೆ ಕಂದಕ. ಮೇಲಿನ ಬಾಯಿಗೆ ಕಬ್ಬಿಣದ ಮುಚ್ಚಳವಿತ್ತು. ಅದರ ಹತ್ತಿರ ಬೆಂಕಿ ಹಾಕಿ ಸುರಂಗಕ್ಕೆ ಹೊಗೆ ತುಂಬುವ ಏರ್ಪಾಟೂ ಇತ್ತು. ಕೆಲವೇ ಕೆಲವು ಜನ ಸಾವಿರಾರು ಜನರನ್ನು ತಡೆಯಬಲ್ಲ ದಾರಿ ಇದು.

ಇಷ್ಟಾದರೂ ದೇವಗಿರಿ ಸೋತಿತು. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಏಕಾಏಕಿ ಬಂದೆರಗಿದಾಗ ಸೇವುಣ ದೊರೆ ರಾಮಚಂದ್ರನ ಕಡೆಯವರು ಅವಸರದಲ್ಲಿ ಕಾಳಿನ ಚೀಲಗಳೆಂದು ಕೋಟೆಯೊಳಗೆ ಸಾಗಿಸಿದ್ದು ಉಪ್ಪಿನ ಚೀಲಗಳಾಗಿದ್ದವು ಎಂದು ಫರಿಷ್ತಾ ಬರೆದಿದ್ದಾನೆ. ಈ ಚರಿತ್ರೆಕಾರ ತನ್ನ ಗ್ರಂಥ ಬರೆದದ್ದು ವಿಜಯಪುರದಲ್ಲಿ, ಎರಡನೇ ಇಬ್ರಾಹಿಮನ ಆಸ್ಥಾನದಲ್ಲಿ. ಬಂಡೆ ಎಷ್ಟು ಗಟ್ಟಿಯಾದರೂ ಒಳಗಿನವರ ಹೊಟ್ಟೆಗೆ ಬೇಕು ಎಂಬುದನ್ನು ಅಂಧೇರಿಯನ್ನು ದಾಟಿ ಮೇಲೆ ನಿಂತಾಗ ನೆನೆಯಬೇಕು.

ತುದಿಯವರೆಗೆ ನೂರಾರು ಮೆಟ್ಟಿಲುಗಳಿವೆ. ಮಂಡಿನೋವು, ಉಬ್ಬಸ, ಹೃದಯದ ತೊಂದರೆ ಇದ್ದವರು ಕಂದಕದವರೆಗೆ ನೋಡಿದರೆ ಸಾಕು. ಕತ್ತಲಿಗೆ ಅಂಜುವವರಿಗೆ ಅಂಧೇರಿಯನ್ನು ಬಳಸಿ ಹೋಗುವ ಹೊಸ ಮೆಟ್ಟಿಲುದಾರಿ ಇದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

ರೈಲು ಹತ್ತಿ ಬಾದಾಮಿಗೆ, ಹೊಳೆ ದಾಟಿ ಮುದಗಲ್ಲಿಗೆ

ಕಾರಿಲ್ಲದವರಿಗೆ ಹೋಟಗಿ–ಗದಗ ರೈಲು ಮಾರ್ಗ ಅನುಕೂಲ. ಇಂಡಿ ರೋಡ್, ವಿಜಯಪುರ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ, ಬಾಗಲಕೋಟೆ, ಬಾದಾಮಿ ಎಲ್ಲವೂ ಒಂದೇ ಹಳಿಯ ಮೇಲಿವೆ. ಬಾದಾಮಿಯ ಉತ್ತರದ ಕೋಟೆಗೆ ವಸ್ತುಸಂಗ್ರಹಾಲಯದ ಪಕ್ಕದಿಂದ ದಾರಿ ಏರುತ್ತದೆ. ಕೆಂಪು ಮರಳುಗಲ್ಲಿನ ಎರಡು ಬಂಡೆಗಳ ನಡುವಿನ ಸಂದಿಯೇ ಇಲ್ಲಿ ಸುರಂಗ. ಬಂಡೆ ಸಹಜವಾಗಿ ಬಿರಿದದ್ದನ್ನೇ ಬಾಗಿಲು ಕಟ್ಟಿ ಕಾವಲುದಾರಿ ಮಾಡಿಕೊಂಡಿದ್ದಾರೆ. ಒಂದನೇ ಪುಲಕೇಶಿ ವಾತಾಪಿಯ ಬೆಟ್ಟವನ್ನು ಕೋಟೆ ಮಾಡಿದ ಸಂಗತಿ ಹೇಳುವ ಕ್ರಿ.ಶ. 543ರ ಶಾಸನ ಇಲ್ಲಿಯ ಬಂಡೆಯ ಮೇಲಿದೆ. ಮೇಲೆ ಹೋದರೆ ಕಣಜಗಳೂ ಕಾಣುತ್ತವೆ. ಕೋತಿಗಳ ಕಾಟವಿರುವುದರಿಂದ ಬುತ್ತಿ ಗಂಟನ್ನು ಕೈಯಲ್ಲಿ ತೂಗಾಡಿಸಬೇಡಿ.

ಮುದ್ದೇಬಿಹಾಳದವರು ಕೃಷ್ಣೆ ದಾಟಿದರೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಸಿಗುತ್ತದೆ. ವಿಜಯನಗರ, ಬಹಮನಿ, ಆದಿಲ್‌ಶಾಹಿಗಳ ನಡುವೆ ಕೈ ಬದಲಾಗುತ್ತಲೇ ಇದ್ದ ಈ ಕೋಟೆಯ ಅಗಲವಾದ ಕಂದಕವನ್ನು ನೋಡಲು ಅರ್ಧ ದಿನ ಸಾಕು.

ಯಾವಾಗ, ಏನೇನು ಜೊತೆಗೆ

ನವೆಂಬರಿನಿಂದ ಫೆಬ್ರುವರಿ ಅತ್ಯುತ್ತಮ ಕಾಲ. ಏಪ್ರಿಲ್, ಮೇನಲ್ಲಿ ಬಂಡೆ ಕಾದು ಕೆಂಡವಾಗಿರುತ್ತದೆ. ಮಳೆಗಾಲದಲ್ಲಿ ನಳದುರ್ಗ ಚೆಂದ; ಆದರೆ ಪಾಚಿಗಟ್ಟಿದ ಮೆಟ್ಟಿಲು, ಸುರಂಗದೊಳಗಿನ ನೀರು ಎರಡೂ ಅಪಾಯ.

• ಒಬ್ಬೊಬ್ಬರಿಗೂ ಒಂದು ಬ್ಯಾಟರಿ, ಗುಂಪಿಗೆ ಹೆಚ್ಚುವರಿ ಒಂದು. ಮೊಬೈಲ್ ಬೆಳಕನ್ನು ನಂಬಬೇಡಿ. ಅದರ ಚಾರ್ಜು ಫೋನ್ ಮಾಡಲು ಉಳಿಯಲಿ.
• ಹಿಡಿತವಿರುವ ಬೂಟು. ಚಪ್ಪಲಿ ಬೇಡ.
• ತಲೆಗೊಂದು ಗಟ್ಟಿ ಟೋಪಿ ಅಥವಾ ರುಮಾಲು. ತಗ್ಗಾದ ಚಾವಣಿಗೆ ತಲೆ ಬಡಿಯುತ್ತದೆ.
• ಒಬ್ಬರಿಗೆ ಎರಡು ಲೀಟರ್ ನೀರು, ಕಟಕರೊಟ್ಟಿ, ಶೇಂಗಾ ಹಿಂಡಿ. ಕೋಟೆಯೊಳಗೆ ಊಟ ಸಿಗುವುದಿಲ್ಲ ಎಂದೇ ತಿಳಿದು ಹೊರಡಿ.
• ಮೂಗು, ಬಾಯಿ ಮುಚ್ಚುವ ಬಟ್ಟೆ ಅಥವಾ ಮಾಸ್ಕ್. ಬಾವಲಿಗಳಿರುವ ಕಡೆ ಹಿಕ್ಕೆಯ ಧೂಳು ಉಸಿರಿಗೆ ಒಳ್ಳೆಯದಲ್ಲ.
• ಗುರುತಿನ ಚೀಟಿ, ಟಿಕೆಟಿಗೆ ಚಿಲ್ಲರೆ. ಭಾರತೀಯ ಪುರಾತತ್ವ ಸರ್ವೇಕ್ಷಣದ ತಾಣಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ. ಡ್ರೋನ್, ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು.

ಕೆಟ್ಟ ಗಾಳಿ, ಹೆಜ್ಜೇನು

ಹಗೇವಿಗೆ ಇಳಿಯುವ ಮುನ್ನ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುವುದು ನಮ್ಮ ಹಿರಿಯರಿಗೆ ರೂಢಿ. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿಹೋಗಿರುತ್ತದೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಹಳೆಯ ಬಾವಿ, ಮುಚ್ಚಿದ ಸುರಂಗಕ್ಕೂ ಇದೇ ಮಾತು. ದೀಪ ಆರಿದರೆ ಅಲ್ಲಿಗೆ ಇಳಿಯಬಾರದು ಎಂಬುದು ಖಚಿತ. ದೀಪ ಉರಿದ ಮಾತ್ರಕ್ಕೆ ಸುರಕ್ಷಿತ ಎನ್ನುವಂತಿಲ್ಲ. ಕೆಲವು ವಿಷಗಾಳಿಗಳಲ್ಲಿ ದೀಪ ಆರುವುದಿಲ್ಲ. ಪ್ರವಾಸಿಗಳಿಗಾಗಿ ತೆರೆದಿರುವ, ಎರಡೂ ಕಡೆ ಬಾಯಿ ಇರುವ ದಾರಿಗಳಲ್ಲಿ ಮಾತ್ರ ನಡೆಯಿರಿ. ಒಬ್ಬರು ಒಳಗೆ ಕುಸಿದರೆ ಅವರನ್ನು ಎತ್ತಲೆಂದು ಇನ್ನೊಬ್ಬರು ಇಳಿಯಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ. ಬಾವಿ ದುರಂತಗಳಲ್ಲಿ ಒಂದರ ಹಿಂದೊಂದು ಜೀವ ಹೋಗುವುದು ಈ ಅವಸರದಿಂದಲೇ.

ಎತ್ತರದ ಬುರುಜು, ಕಮಾನುಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಅಂಥ ಕಡೆ ಹೊಗೆ, ಗಟ್ಟಿಯಾದ ಸೆಂಟು, ಕಿರುಚಾಟ ಬೇಡ. ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಹಾವು ಚೇಳುಗಳಿಗೆ ಅದೇ ಮನೆ.

ಬಂಡೆಯನ್ನು ಓದುವ ಬಗೆ

ಗೋಡೆಗೆ ಬೆಳಕನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಉಳಿಯ ಗೀರುಗಳು ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಗೀರುಗಳು ಯಾವ ಕಡೆಗೆ ವಾಲಿವೆ ಎಂಬುದರಿಂದ ಕೆಲಸಗಾರ ಯಾವ ಕಡೆಯಿಂದ ಕೊರೆಯುತ್ತ ಬಂದ ಎಂದು ಊಹಿಸಬಹುದು. ಬಂಡೆಯಲ್ಲಿ ನೆಟ್ಟಗಿನ ಅರ್ಧ ಕೊಳವೆಯಂಥ ಗೆರೆಗಳಿದ್ದರೆ ಅದು ಸಾಮಾನ್ಯವಾಗಿ ಮದ್ದಿಟ್ಟು ಸಿಡಿಸಿದ ಈಚಿನ ಕಾಲದ ಕೆಲಸ. ಎದೆಯೆತ್ತರದ ಪುಟ್ಟ ಗೂಡು, ಅದರ ಮೇಲೆ ಮಸಿ ಇದ್ದರೆ ದೀಪದ ಗೂಡು. ತಳದಲ್ಲಿ ಕಾಲುವೆ, ಗೋಡೆಯಲ್ಲಿ ನೀರು ನಿಂತ ಗುರುತು, ಮೇಲೆ ಬಾವಿಯ ಬೆಳಕು ಮೂರೂ ಇದ್ದರೆ ಅದು ನೀರಿನ ದಾರಿ. ಮೆಟ್ಟಿಲು, ತಿರುವು, ಬಾಗಿಲ ಕುಣಿಕೆ ಇದ್ದರೆ ಕಾವಲಿನ ದಾರಿ. ಎತ್ತಲೂ ಹೋಗದೆ ಗುಂಡಗೆ ಕೆಳಗೆ ಅಗಲವಾಗಿದ್ದರೆ ಹಗೇವು.

ನಿಮ್ಮ ಊರಿನಲ್ಲೇ ಸಿಕ್ಕರೆ

ಮಳೆಗೆ ಹುಡೇವಿನ ಬುಡ ಕುಸಿದು ಬಾಯಿ ತೆರೆದುಕೊಂಡರೆ ಮೊದಲು ಸುತ್ತ ಮುಳ್ಳುಬೇಲಿ ಹಾಕಿ, ಮಕ್ಕಳು, ದನಕರು ಬೀಳದಂತೆ ನೋಡಿ. ಹೊರಗಿನಿಂದಲೇ ಫೋಟೊ ತೆಗೆದು, ಅಳತೆಗೆ ಒಂದು ಕೋಲಿಟ್ಟು, ಪಂಚಾಯಿತಿಗೂ ತಹಶೀಲ್ದಾರರಿಗೂ ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೂ ತಿಳಿಸಿ. ನಿಧಿಯ ಆಸೆಗೆ ರಾತ್ರಿ ಅಗೆಯುವವರ ಕೈಗೆ ಸಿಕ್ಕರೆ ಇತಿಹಾಸದ ಒಂದು ಪುಟವೇ ಹರಿದುಹೋಗುತ್ತದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕದ ಮೇಲೆ ಹೆಸರು ಕೆತ್ತಿದರೂ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಹಿರಿಯರ ಬಾಯಲ್ಲಿರುವ ಕತೆಯನ್ನೂ ಬರೆದಿಡಿ: ಯಾರು ಹೇಳಿದರು, ಬಾಯಿ ಎಲ್ಲಿತ್ತು, ಯಾವ ಬರಗಾಲದಲ್ಲಿ ಮುಚ್ಚಿದರು, ಒಳಗೆ ಕೊನೆಗೆ ಕಾಳಿತ್ತೋ ನೀರಿತ್ತೋ. ಶಾಲೆಯ ಏಳನೇ, ಎಂಟನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ಸಿಗಲಾರದು. ಮೊದಲು ವಿಜಯಪುರ–ತೊರವಿಯ ಒಂದು ದಿನದ ಪ್ರವಾಸ ಮಾಡಿಸಿ, ಮರುವಾರ ತಮ್ಮ ಊರಿನ ಹುಡೇವು, ಹಗೇವು, ಹಳೆಯ ಬಾವಿಗಳ ಪಟ್ಟಿ ಮಾಡಿಸಿ. ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿಸಿ: ದಂಡು ಬಂದು ಊರು ಸುತ್ತುವರಿದರೆ ಇಲ್ಲಿನ ಜನ ಎಷ್ಟು ದಿನ ತಾಳುತ್ತಿದ್ದರು, ಯಾವುದರ ಬಲದಿಂದ? ಆ ಪ್ರಶ್ನೆಗೆ ನಾಲ್ಕು ತಾಲ್ಲೂಕಿನ ಮಕ್ಕಳು ಕಲೆಹಾಕುವ ಉತ್ತರ ಈ ಸೀಮೆಗೆ ಇನ್ನೂ ಬರೆಯದ ಒಂದು ಚರಿತ್ರೆಯನ್ನು ಕೊಡುತ್ತದೆ.